ಪತನದ ಎರಡು ಶಾಸನಗಳು

ಇಪ್ಪತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಗೋಕಾಕ, ಹುಕ್ಕೇರಿ, ಆಗಿನ್ನೂ ಗೋಕಾಕ ತಾಲ್ಲೂಕಿಗೇ ಸೇರಿದ್ದ ಮೂಡಲಗಿ ಮೊದಲಾದ ಊರುಗಳ ಅನುಕೂಲಸ್ಥರ ಮನೆಗಳಿಗೆ ಟೆಲಿವಿಷನ್ನಿನ ಬೆನ್ನ ಹಿಂದೆಯೇ ಬಂದು ಸೇರಿದ ಒಂದು ಆಟಿಕೆಯುಂಟು. ಹಗುರವಾದ ಪ್ಲಾಸ್ಟಿಕ್ಕಿನ ಒಂದು ಡಬ್ಬಿ, ಅದಕ್ಕೆ ತಂತಿಯಿಂದ ಜೋತುಬಿದ್ದ ಎರಡು ‘ರಿಮೋಟು’ಗಳು, ನೆತ್ತಿಯ ಸೀಳಿನಲ್ಲಿ ಒತ್ತಿ ಕೂಡಿಸಬೇಕಾದ ಹಳದಿಯ ಒಂದು ಕ್ಯಾಸೆಟ್ಟು: ಇಷ್ಟೇ ಅದರ ಸಂಸಾರ. ಇದು ‘ಮೀಡಿಯಾ’ ಎಂದೋ ‘ಲಿಟಲ್ ಮಾಸ್ಟರ್’ ಎಂದೋ ಹೆಸರು ಹೊತ್ತು ಅಂಗಡಿಗೆ ಬರುತ್ತಿದ್ದಿತಾದರೂ, ಅದರ ಒಡಲಲ್ಲಿದ್ದುದು ಜಪಾನಿನ ನಿಂಟೆಂಡೊ ಸಂಸ್ಥೆಯು 1983ರ ಜುಲೈ 15ರಂದು ಮಾರುಕಟ್ಟೆಗೆ ತಂದ ‘ಫ್ಯಾಮಿಲಿ ಕಂಪ್ಯೂಟರ್’ ಎಂಬ ಯಂತ್ರದ ನಕಲು. ಮಕ್ಕಳ ಬಾಯಲ್ಲಿ ಅದು ಬರಿಯ ‘ವಿಡಿಯೋ ಗೇಮ್’. ಪರೀಕ್ಷೆ ಮುಗಿದ ಮರುದಿನ ಅದನ್ನು ಟೀವಿಗೆ ‘ಹಚ್ಚಿ’, “ನಂದು ಇನ್ನಾ ಎರಡು ಜೀಂವ ಅದಾವು” ಎಂದು ಪಕ್ಕದವನಿಗೆ ರಿಮೋಟು ಬಿಟ್ಟುಕೊಡದೆ ಕುಳಿತ ಹುಡುಗರನ್ನು ಕಂಡು ಹಿರಿಯರು ಕಣ್ಣು ಕೆಡುವುದೆಂದು ಗದರಿದುದೂ ಲೋಕಪ್ರಸಿದ್ಧವೇ.

ಆದರೆ ವಿಜ್ಞಾನದ ವಿದ್ಯಾರ್ಥಿಯು ಈ ಡಬ್ಬಿಯನ್ನು ಬೇರೊಂದು ದೃಷ್ಟಿಯಿಂದ ನೋಡಬಹುದಾಗಿದೆ. ಅದರೊಳಗೊಂದು ಪುಟ್ಟ ಜಗತ್ತುಂಟು. ಆ ಜಗತ್ತಿಗೂ ನೆಲವುಂಟು, ಆಕಾಶವುಂಟು, ಜಿಗಿದವನನ್ನು ಕೆಳಕ್ಕೆ ಸೆಳೆಯುವ ಗುರುತ್ವವೂ ಉಂಟು. ಆದರೆ ಆ ಗುರುತ್ವವು ಇಂತಿಷ್ಟೇ ಇರತಕ್ಕುದೆಂದು ವಿಧಿಸಿದವರು ಮನುಷ್ಯರು. ಮನುಷ್ಯನು ಬರೆದ ಪತನದ ನಿಯಮವನ್ನು, ಗೋಕಾಕದಿಂದ ಕೆಲವೇ ಕಿಲೋಮೀಟರಿನಾಚೆ ಘಟಪ್ರಭೆಯ ನೀರು ಅನಾದಿಯಿಂದ ಪಾಲಿಸುತ್ತ ಬಂದಿರುವ ಪತನದ ನಿಯಮದ ಪಕ್ಕದಲ್ಲಿಟ್ಟು ನೋಡಿದರೆ, ನಿಸರ್ಗನಿಯಮವೆಂದು ನಾವು ಕರೆಯುವುದರ ಸ್ವರೂಪವೇನೆಂಬುದು ಎಷ್ಟೋ ಪಾಠಪುಸ್ತಕಗಳಿಗಿಂತ ಸ್ಪಷ್ಟವಾಗಿ ತಿಳಿಯುವುದು. ಈ ಅಧ್ಯಾಯದ ಉದ್ದೇಶವು ಅದೇ.

ವ್ಯಂಗ್ಯಚಿತ್ರದಿಂದ ಹುಟ್ಟಿದ ಜಿಗಿತ

ಅಟ್ಟದಿಂದ ಅಟ್ಟಕ್ಕೆ ಜಿಗಿಯುತ್ತ, ಹಳ್ಳಗಳನ್ನು ದಾಟುತ್ತ, ಎದುರಾದ ಶತ್ರುವಿನ ತಲೆಯ ಮೇಲೆ ಕಾಲಿಟ್ಟು ಮುಂದೆ ಸಾಗುವ ಆಟಗಳಿಗೂ ಚಲಿಸುವ ವ್ಯಂಗ್ಯಚಿತ್ರಗಳಿಗೂ ಇರುವ ನಂಟು ಬಹಳ ಹಳೆಯದು. 1981ರಲ್ಲಿ ನಿಂಟೆಂಡೊ ಸಂಸ್ಥೆಯು, ಇ. ಸಿ. ಸೀಗರನು 1929ರಲ್ಲಿ ಸೃಷ್ಟಿಸಿದ ಪಾಪೈ ಎಂಬ ನಾವಿಕನನ್ನೇ ನಾಯಕನನ್ನಾಗಿ ಮಾಡಿ ಒಂದು ಆಟವನ್ನು ರಚಿಸಬೇಕೆಂದು ಬಯಸಿತ್ತು. ಆ ಪಾತ್ರವನ್ನು ಬಳಸುವ ಅನುಮತಿ ಆಗ ದೊರೆಯದೆ ಹೋದುದರಿಂದ, ಶಿಗೆರು ಮಿಯಾಮೊಟೊ ಎಂಬ ತರುಣ ಕಲಾವಿದನು ನಾವಿಕನ ಸ್ಥಾನದಲ್ಲಿ ಒಬ್ಬ ಬಡಗಿಯನ್ನೂ, ಅವನ ಬಲಿಷ್ಠ ಪ್ರತಿಸ್ಪರ್ಧಿಯ ಸ್ಥಾನದಲ್ಲಿ ಒಂದು ಗೊರಿಲ್ಲವನ್ನೂ ಕಲ್ಪಿಸಿ ‘ಡಾಂಕಿ ಕಾಂಗ್’ ಎಂಬ ಆಟವನ್ನು ನಿರ್ಮಿಸಿದನು. ಆ ಬಡಗಿಯೇ ಮುಂದೆ ಮಾರಿಯೋ ಎಂಬ ಹೆಸರಿನಿಂದ ಜಗದ್ವಿಖ್ಯಾತನಾದನು. ಎರಡು ವರ್ಷಗಳ ತರುವಾಯ ಮನೆಯ ಯಂತ್ರವು ಬಿಡುಗಡೆಯಾದಾಗ ಅದರೊಡನೆ ಬಂದ ಮೂರು ಆಟಗಳಲ್ಲಿ ಪಾಪೈನ ಆಟವೂ ಒಂದಾಗಿದ್ದಿತೆಂಬುದು ಈ ಕಥೆಯ ಸೊಗಸಾದ ಉಪಸಂಹಾರ.

ನಮ್ಮ ಮಕ್ಕಳು ವಿಶೇಷವಾಗಿ ಮೆಚ್ಚಿದ ವ್ಯಂಗ್ಯಚಿತ್ರದ ಆಟಗಳಲ್ಲಿ ಕ್ಯಾಪ್‌ಕಾಮ್ ಸಂಸ್ಥೆಯು 1989ರಲ್ಲಿ ಪ್ರಕಟಿಸಿದ ‘ಡಕ್ ಟೇಲ್ಸ್’ ಅಗ್ರಗಣ್ಯವಾದುದು. ಕಾರ್ಲ್ ಬಾರ್ಕ್ಸನು 1947ರಲ್ಲಿ ರಚಿಸಿದ ಸ್ಕ್ರೂಜ್ ಎಂಬ ಜಿಪುಣ ಬಾತುಕೋಳಿಯನ್ನು ಡಿಸ್ನಿ ಸಂಸ್ಥೆಯು 1987ರಲ್ಲಿ ಟೆಲಿವಿಷನ್ ಮಾಲೆಯೊಂದರ ನಾಯಕನನ್ನಾಗಿ ಮಾಡಿದ್ದಿತು. ಆ ಮಾಲೆಯು ಹಿಂದೀ ಮಾತಿನ ವೇಷ ತೊಟ್ಟು ದೂರದರ್ಶನದ ಮೂಲಕ ನಮ್ಮ ಊರುಗಳಿಗೂ ಬಂದಿತು. ಆಟದಲ್ಲಿ ಸ್ಕ್ರೂಜನು ತನ್ನ ಊರುಗೋಲನ್ನೇ ಕುಪ್ಪಳಿಸುವ ಕೋಲನ್ನಾಗಿ ಮಾಡಿಕೊಂಡು ಅಮೆಜಾನಿನ ಕಾಡು, ಟ್ರಾನ್ಸಿಲ್ವೇನಿಯದ ಭೂತಬಂಗಲೆ, ಆಫ್ರಿಕದ ಗಣಿ, ಹಿಮಾಲಯ, ಕೊನೆಗೆ ಚಂದ್ರಲೋಕ ಇವುಗಳಲ್ಲೆಲ್ಲ ರತ್ನಗಳನ್ನು ಹುಡುಕುತ್ತ ಅಲೆಯುವನು. ಭಾನುವಾರದಂದು ಸುಮ್ಮನೆ ನೋಡಬೇಕಾಗಿದ್ದ ಬಾತು ಇಲ್ಲಿ ತಮ್ಮ ಹೆಬ್ಬೆರಳಿನ ಅಪ್ಪಣೆಗೆ ಜಿಗಿಯುವುದೆಂಬುದೇ ಮಕ್ಕಳಿಗೆ ಮಹದಾಶ್ಚರ್ಯದ ಸಂಗತಿ. ಆ ಅಪ್ಪಣೆಯು ಬಾತನ್ನು ತಲಪುವ ದಾರಿಯನ್ನು ನಾವೀಗ ಅನುಸರಿಸಿ ಹೋಗೋಣ.

ಬಡತನದ ಚಿತ್ರಕಲೆ

ಈ ಯಂತ್ರದ ಚಿತ್ರವು ಅಡ್ಡಕ್ಕೆ 256, ಉದ್ದಕ್ಕೆ 240 ಚುಕ್ಕೆಗಳಿಂದ ಕೂಡಿದುದು. ಗುಣಿಸಿದರೆ ಒಟ್ಟು 61,440 ಚುಕ್ಕೆಗಳಾಗುವುವು. ಒಂದೊಂದು ಚುಕ್ಕೆಗೂ ನಾಲ್ಕೇ ನಾಲ್ಕು ವರ್ಣಗಳ ಆಯ್ಕೆಯನ್ನು ಕೊಟ್ಟು ಇಡೀ ಪಟವನ್ನು ನೆನಪಿನಲ್ಲಿಟ್ಟುಕೊಳ್ಳಬೇಕೆಂದರೂ 15 ಕಿಲೋಬೈಟುಗಳಷ್ಟು ಸ್ಮೃತಿಕೋಶವು ಬೇಕಾಗುವುದು. ಯಂತ್ರವು ಚಿತ್ರಕ್ಕಾಗಿ ಇಟ್ಟುಕೊಂಡಿರುವುದಾದರೋ ಕೇವಲ 2 ಕಿಲೋಬೈಟು. ಆಟದ ಲೆಕ್ಕಾಚಾರಗಳಿಗೆ ಮೀಸಲಾದುದು ಇನ್ನೊಂದು 2 ಕಿಲೋಬೈಟು. ಆ ಕಾಲದಲ್ಲಿ ಸ್ಮೃತಿಕೋಶವು ದುಬಾರಿಯಾದ ಪದಾರ್ಥವಾಗಿದ್ದು, ಮಕ್ಕಳ ಆಟಿಕೆಯ ಬೆಲೆಗೆ ಅದಕ್ಕಿಂತ ಹೆಚ್ಚನ್ನು ಒದಗಿಸುವುದು ಶಕ್ಯವಿರಲಿಲ್ಲ.

ಈ ಬಡತನವನ್ನು ಗೆದ್ದ ಉಪಾಯವು ಬೆಳಗಾವಿ-ಧಾರವಾಡಗಳ ಸೀಮೆಯ ಹೆಣ್ಣುಮಕ್ಕಳಿಗೆ ಹೊಸತಲ್ಲ. ಇಳಕಲ್ಲ ಸೀರೆಯ ಮೇಲೆ ಕಸೂತಿ ಹಾಕುವವಳು ಮೊದಲೇ ಚಿತ್ರವನ್ನು ಬರೆದುಕೊಳ್ಳುವುದಿಲ್ಲ. ಬಟ್ಟೆಯ ಹಾಸುಹೊಕ್ಕುಗಳ ಎಳೆಗಳನ್ನು ಎಣಿಸುತ್ತ, ಇಷ್ಟು ಎಳೆ ಬಿಟ್ಟು ಇಷ್ಟು ಎಳೆಗೆ ಸೂಜಿ ಎಂಬ ಲೆಕ್ಕದಿಂದಲೇ ಗೋಪುರ, ತೇರು, ಆನೆ, ತುಳಸಿಕಟ್ಟೆಗಳನ್ನು ಮೂಡಿಸುವಳು. ಮುರಗಿಯೆಂಬ ಹೊಲಿಗೆಯಲ್ಲಿ ಓರೆಯಾದ ರೇಖೆಯು ಮೆಟ್ಟಿಲು ಮೆಟ್ಟಿಲಾಗಿಯೇ ಏರುವುದು. ಒಮ್ಮೆ ಲೆಕ್ಕ ಕೈಗೆ ಬಂದ ಗೋಪುರವನ್ನು ಅಂಚಿನ ಉದ್ದಕ್ಕೂ ಮತ್ತೆ ಮತ್ತೆ ಹಾಕುತ್ತ ಹೋಗಬಹುದು. ಯಂತ್ರವೂ ಹಾಗೆಯೇ 8 ಚುಕ್ಕೆ ಅಗಲ, 8 ಚುಕ್ಕೆ ಎತ್ತರದ ಬಿಲ್ಲೆಗಳ ಒಂದು ಸಂಗ್ರಹವನ್ನು ಇಟ್ಟುಕೊಂಡು, ಪರದೆಯ 960 ಮನೆಗಳಲ್ಲಿ ಯಾವ ಮನೆಗೆ ಯಾವ ಬಿಲ್ಲೆ ಎಂಬ ಪಟ್ಟಿಯನ್ನು ಮಾತ್ರ ನೆನಪಿಡುವುದು. ಮೋಡದ ಬಿಲ್ಲೆಗೆ ಹಸಿರು ಬಳಿದರೆ ಅದೇ ಪೊದೆಯಾಗುವುದು. ಮಾರಿಯೋನ ಆಟವನ್ನು ಆಡಿದವರು ಈ ಮಿತವ್ಯಯವನ್ನು ಅರಿಯದೆಯೇ ಕಂಡಿದ್ದಾರೆ.

ಹಿನ್ನೆಲೆಯಾಯಿತು, ಅದರ ಮುಂದೆ ಚಲಿಸತಕ್ಕ ಪಾತ್ರಗಳಿಗೆ ಬೇರೆಯ ಏರ್ಪಾಡುಂಟು. ಇವುಗಳನ್ನು ಚರಬಿಂಬಗಳೆನ್ನೋಣ. ಒಂದು ಪರದೆಯಲ್ಲಿ ಇಂಥ 64 ಬಿಂಬಗಳಿರಬಹುದು. ಆದರೆ ಅಡ್ಡಸಾಲೊಂದರಲ್ಲಿ 8ಕ್ಕಿಂತ ಹೆಚ್ಚು ಬಿಂಬಗಳನ್ನು ತೋರಿಸಲು ಯಂತ್ರಕ್ಕೆ ವ್ಯವಧಾನವಿಲ್ಲ. 16 ಚುಕ್ಕೆ ಅಗಲದ ಒಂದು ಪಾತ್ರಕ್ಕೆ ಸಾಲೊಂದರಲ್ಲಿ ಎರಡು ಬಿಂಬಗಳು ಬೇಕಾದುದರಿಂದ ಅಂಥ ನಾಲ್ಕು ಪಾತ್ರಗಳು ಒಂದೇ ಮಟ್ಟದಲ್ಲಿ ನಿಂತೊಡನೆ ಆ ಸಾಲು ಭರ್ತಿಯಾಗುವುದು. ಐದನೆಯವನು ಬಂದರೆ ಅವನು ಅದೃಶ್ಯನಾಗಬೇಕು. ಒಬ್ಬನೇ ಸಂಪೂರ್ಣವಾಗಿ ಮಾಯವಾಗುವ ಬದಲು ಎಲ್ಲರೂ ಸರದಿಯಂತೆ ಕ್ಷಣಕ್ಷಣ ಮರೆಯಾಗಲೆಂದು ಆಟದ ರಚಕರು ಬಿಂಬಗಳ ಕ್ರಮವನ್ನು ಪ್ರತಿಸಲವೂ ಬದಲಿಸುತ್ತಿದ್ದರು. ಶತ್ರುಗಳು ಗುಂಪುಗೂಡಿದಾಗ ಪರದೆಯ ಮೇಲಿನವರೆಲ್ಲ ಮಿಣುಕುತ್ತಿದ್ದುದಕ್ಕೆ ಕಾರಣವಿದು. ಟೀವಿ ಕೆಟ್ಟಿತೆಂದು ಅದರ ತಲೆಯ ಮೇಲೆ ಕುಟ್ಟಿದವರು ನಿರಪರಾಧಿಯನ್ನು ದಂಡಿಸಿದಂತಾಯಿತು. ಬಿಂಬವೊಂದಕ್ಕೆ ಮೂರೇ ವರ್ಣಗಳು ಸಲ್ಲುತ್ತಿದ್ದುದರಿಂದ ಮುಖದ ಸೂಕ್ಷ್ಮಗಳನ್ನು ಚಿತ್ರಿಸುವುದಕ್ಕೆ ಆಸ್ಪದವಿರಲಿಲ್ಲ. ಮಾರಿಯೋನಿಗೆ ಕೂದಲಿನ ಬದಲು ಟೊಪ್ಪಿಗೆಯೂ, ಬಾಯಿಯ ಬದಲು ಮೀಸೆಯೂ ಬಂದುದು ಇಂಥ ದಾರಿದ್ರ್ಯದಿಂದಲೇ.

ಚಲನೆಯೆಂಬ ಭ್ರಾಂತಿ

ಇಷ್ಟಾದರೂ ಪರದೆಯ ಮೇಲೆ ಯಾವುದೂ ಚಲಿಸುವುದಿಲ್ಲವೆಂಬುದನ್ನು ಮರೆಯಲಾಗದು. ಒಂದು ಸ್ಥಿರಚಿತ್ರ, ಅದರ ಹಿಂದೆಯೇ ಕಿಂಚಿತ್ ಭಿನ್ನವಾದ ಮತ್ತೊಂದು ಸ್ಥಿರಚಿತ್ರ, ಹೀಗೆ ಫ್ರೇಮಿನ ಹಿಂದೆ ಫ್ರೇಮು ಬರುತ್ತಿದ್ದರೆ, ಅವುಗಳ ನಡುವಣ ಅಂತರವನ್ನು ನಮ್ಮ ಮನಸ್ಸು ತಾನೇ ತುಂಬಿಕೊಂಡು ಚಲನೆಯನ್ನು ಕಾಣುವುದು. ಜರ್ಮನಿಯ ಮಾಕ್ಸ್ ವರ್ಟ್‌ಹೈಮರನು ಈ ಭಾಸಚಲನೆಯ ಮೇಲಿನ ತನ್ನ ಪ್ರಯೋಗಗಳನ್ನು 1912ರಲ್ಲಿ ಪ್ರಕಟಿಸಿ ಮನಃಶಾಸ್ತ್ರದ ಒಂದು ಹೊಸ ಪಂಥಕ್ಕೇ ಬುನಾದಿ ಹಾಕಿದನು. ಚಲನಚಿತ್ರವು ಸೆಕೆಂಡಿಗೆ 24 ಫ್ರೇಮುಗಳನ್ನು ತೋರಿಸುವುದು. ಬರೆದ ಚಿತ್ರಗಳ ಚಲನಚಿತ್ರದಲ್ಲಿ ಅನೇಕ ವೇಳೆ ಒಂದೊಂದು ಬರಹವನ್ನು ಎರಡೆರಡು ಫ್ರೇಮುಗಳ ಕಾಲ ಇಟ್ಟು, ಸೆಕೆಂಡಿಗೆ ಹನ್ನೆರಡರಲ್ಲೇ ಕಾರ್ಯವನ್ನು ನಿರ್ವಹಿಸುವರು. ಜಪಾನಿನ ಮೂಲಯಂತ್ರವಾದರೋ ಸೆಕೆಂಡಿಗೆ ಸುಮಾರು 60 ಫ್ರೇಮುಗಳನ್ನು ಒದಗಿಸುತ್ತಿದ್ದಿತು. ಮಾರಿಯೋನ ನಡಿಗೆಗೆ ಇರುವುದು ಮೂರೇ ಭಂಗಿಗಳಾದರೂ, ಅವನ ಸ್ಥಾನವು ಪ್ರತಿ ಫ್ರೇಮಿಗೂ ಬದಲಾಗುವುದರಿಂದ ಓಟವು ನೀರಿನಂತೆ ನುಣುಪಾಗಿ ತೋರುವುದು.

ಎರಡು ಫ್ರೇಮುಗಳ ಮಧ್ಯೆ ಯಂತ್ರದ ಗಣಕಕ್ಕೆ ದೊರೆಯುವ ಅವಕಾಶವೆಷ್ಟು? ಅದರ ಗಡಿಯಾರವು ಸೆಕೆಂಡಿಗೆ ಸುಮಾರು 17 ಲಕ್ಷ 90 ಸಾವಿರ ಸಲ ಮಿಡಿಯುವುದು. ಫ್ರೇಮೊಂದಕ್ಕೆ ಮೂವತ್ತು ಸಾವಿರಕ್ಕೆ ತುಸು ಕಡಿಮೆ ಮಿಡಿತಗಳು. ಇಷ್ಟರೊಳಗೆ ಅದು ರಿಮೋಟಿನ ಎಂಟು ಗುಂಡಿಗಳನ್ನು ಒಂದಾದ ಮೇಲೊಂದರಂತೆ ವಿಚಾರಿಸಬೇಕು. ಯಾವುದು ಒತ್ತಲ್ಪಟ್ಟಿದೆಯೋ ಅದಕ್ಕೆ ತಕ್ಕಂತೆ ನಾಯಕನ ವೇಗವನ್ನು ತಿದ್ದಬೇಕು. ನೆಲ ಗೋಡೆ ಶತ್ರುಗಳೊಡನೆ ಘರ್ಷಣೆಯಾಯಿತೇ ಎಂದು ಪರೀಕ್ಷಿಸಬೇಕು. ಸಂಗೀತದ ಮುಂದಿನ ಸ್ವರವನ್ನು ಹೊರಡಿಸಬೇಕು. ಇದೆಲ್ಲ ಮುಗಿದ ಮೇಲೆ, ಟೆಲಿವಿಷನ್ನಿನ ಎಲೆಕ್ಟ್ರಾನುಗಳ ಕಿರಣವು ಪರದೆಯ ತಳವನ್ನು ಮುಟ್ಟಿ ಮತ್ತೆ ಮೇಲಕ್ಕೆ ಹಿಂದಿರುಗುವ ಅತ್ಯಲ್ಪ ವಿರಾಮದಲ್ಲಿ ಚಿತ್ರದ ಪಟ್ಟಿಯನ್ನು ತಿದ್ದಿಡಬೇಕು. ಆಟದ ಜಗತ್ತಿನಲ್ಲಿ ಕಾಲವು ನದಿಯಂತೆ ಹರಿಯದೆ ಫ್ರೇಮು ಫ್ರೇಮಾಗಿ ತೊಟ್ಟಿಕ್ಕುವುದು. ಮುಂದೆ ಹೇಳಲಿರುವುದೆಲ್ಲ ಈ ಒಂದು ಸಂಗತಿಯನ್ನೇ ಆಶ್ರಯಿಸಿದೆ.

ಜಿಗಿತದ ಗಣಿತ

ಜಿಗಿತದ ಲೆಕ್ಕಕ್ಕೆ ನಾವು ‘ಸೂಪರ್ ಮಾರಿಯೋ ಬ್ರದರ್ಸ್’ ಎಂಬ 1985ರ ಆಟವನ್ನು ತೆಗೆದುಕೊಳ್ಳೋಣ. ವ್ಯಂಗ್ಯಚಿತ್ರದ ಆಟಗಳೆಲ್ಲ ಅದರ ಮೇಲ್ಪಂಕ್ತಿಯನ್ನೇ ಅನುಸರಿಸಿದುವು. ಅಲ್ಲದೆ ಅದರ ಅಂಕಗಳನ್ನು ಆಸಕ್ತರು ಕ್ಯಾಸೆಟ್ಟಿನ ಒಡಲಿನಿಂದ ಓದಿ ತೆಗೆದಿದ್ದಾರೆ. ನಿಂತಲ್ಲಿಂದ ಜಿಗಿದ ಮಾರಿಯೋನಿಗೆ ಫ್ರೇಮಿಗೆ 4 ಚುಕ್ಕೆಗಳ ಊರ್ಧ್ವವೇಗವು ದೊರೆಯುವುದು. ಗುಂಡಿಯನ್ನು ಅದುಮಿ ಹಿಡಿದಿರುವ ತನಕ ಪ್ರತಿ ಫ್ರೇಮಿಗೂ ಆ ವೇಗದಿಂದ ಚುಕ್ಕೆಯ ಎಂಟನೆಯ ಒಂದು ಭಾಗವನ್ನು ಕಳೆಯುತ್ತಾರೆ. 32 ಫ್ರೇಮುಗಳಲ್ಲಿ ವೇಗವು ಶೂನ್ಯವಾಗುವುದು. ಏರಿದ ಎತ್ತರವು 64 ಚುಕ್ಕೆ, ಎಂದರೆ ಆಟದ ಇಟ್ಟಿಗೆಗಳ ಲೆಕ್ಕದಲ್ಲಿ ನಾಲ್ಕು ಇಟ್ಟಿಗೆ. ಶಾಲೆಯಲ್ಲಿ ಕಲಿತ ಸೂತ್ರದಂತೆ ವೇಗದ ವರ್ಗವನ್ನು ಗುರುತ್ವದ ಎರಡರಷ್ಟರಿಂದ ಭಾಗಿಸಿದರೂ ಬರುವುದು ಇದೇ 64. ಇಟಲಿಯ ಗೆಲಿಲಿಯೋನು 1638ರಲ್ಲಿ ಪ್ರಕಟಿಸಿದ ಪರವಲಯವೇ ಕ್ಯಾಸೆಟ್ಟಿನೊಳಗೂ ಆಳುತ್ತಿದೆ.

ಆದರೆ ಶಿಖರವನ್ನು ಮುಟ್ಟಿ ಇಳಿಯತೊಡಗಿದೊಡನೆ, ಅಥವಾ ಗುಂಡಿಯಿಂದ ಬೆರಳನ್ನು ತೆಗೆದೊಡನೆ, ಗುರುತ್ವವು ಮೂರೂವರೆಯಷ್ಟಾಗಿ ಹೆಚ್ಚುವುದು. ಏರುವಾಗ ಒಂದು ನ್ಯಾಯ, ಇಳಿಯುವಾಗ ಇನ್ನೊಂದು. ಈ ಪಕ್ಷಪಾತದಿಂದಲೇ ಆಟಗಾರನು ಗುಂಡಿಯನ್ನು ಮುಟ್ಟಿ ಬಿಟ್ಟರೆ ಚಿಕ್ಕ ಜಿಗಿತವೂ, ಅದುಮಿ ಹಿಡಿದರೆ ದೊಡ್ಡ ಜಿಗಿತವೂ ಸಿದ್ಧಿಸುವುದು. ಕಾಲು ನೆಲ ಬಿಟ್ಟ ಮೇಲೆಯೂ ಜಿಗಿತವನ್ನು ತಿದ್ದುವ ಅಧಿಕಾರ ಅವನಿಗೆ ಉಳಿಯುವುದು. ಭೂಮಿಯ ಮೇಲೆ ಜಿಗಿದವನಿಗೆ ಆ ಅಧಿಕಾರವಿಲ್ಲ. ದೊಡ್ಡ ಮಾರಿಯೋನ 32 ಚುಕ್ಕೆಗಳ ಎತ್ತರವನ್ನು 1.6 ಮೀಟರೆಂದು ಭಾವಿಸಿದರೆ ಚುಕ್ಕೆಯೊಂದಕ್ಕೆ 5 ಸೆಂಟಿಮೀಟರಾಯಿತು; ಆಗ ಅವನ ಇಳಿತದ ಗುರುತ್ವವು ಭೂಗುರುತ್ವದ ಎಂಟರಷ್ಟೆಂದೂ, ಏರಿಕೆಯದು ಎರಡಕ್ಕಿಂತ ತುಸು ಹೆಚ್ಚೆಂದೂ ಲೆಕ್ಕವು ತಿಳಿಸುವುದು. ಇಂಥ ಭಾರದ ಗ್ರಹದ ಮೇಲೆ ನಾವು ಹೆಜ್ಜೆ ಎತ್ತಿಡುವುದೂ ಕಷ್ಟ.

ಈಗ ಘಟಪ್ರಭೆಯ ಕಡೆಗೆ ತಿರುಗೋಣ. ಹುಕ್ಕೇರಿ ತಾಲ್ಲೂಕಿನ ಹಿಡಕಲ್ಲಿನಲ್ಲಿ ರಾಜಾ ಲಖಮಗೌಡ ಜಲಾಶಯದಿಂದ ಹೊರಟು, ಧುಪದಾಳದ ಒಡ್ಡನ್ನು ದಾಟಿ ಬಂದ ಈ ನದಿಯು ಗೋಕಾಕದ ಸಮೀಪ ಕುದುರೆಲಾಳದ ಆಕಾರದ ಮರಳುಗಲ್ಲಿನ ಬಂಡೆಯ ಮೇಲಿನಿಂದ 52 ಮೀಟರು ಆಳಕ್ಕೆ ಧುಮುಕುವುದು. ಗಾಳಿಯ ತಡೆಯನ್ನು ಬಿಟ್ಟು ಎಣಿಸಿದರೆ, ಅಂಚನ್ನು ಅಗಲಿದ ನೀರು ಮೂರೂಕಾಲು ಸೆಕೆಂಡಿನಲ್ಲಿ ತಳವನ್ನು ಸೇರುವುದು; ಆಗ ಅದರ ವೇಗವು ಸೆಕೆಂಡಿಗೆ 32 ಮೀಟರು, ಎಂದರೆ ಗಂಟೆಗೆ ಸುಮಾರು 115 ಕಿಲೋಮೀಟರು. ಈ ಅಂಚಿನಿಂದ ನೀರಿನ ಜೊತೆಯಲ್ಲೇ ಮಾರಿಯೋನೂ ತನ್ನ ನಿಯಮದಂತೆ ಬಿದ್ದನೆಂದು ಊಹಿಸಿದರೆ ಗೆಲ್ಲುವವರು ಯಾರು? ಎಂಟುಪಟ್ಟು ಗುರುತ್ವವುಳ್ಳ ಮಾರಿಯೋನೇ ಎಂದು ಯಾರಿಗಾದರೂ ತೋರುವುದು. ವಾಸ್ತವವಾಗಿ ಅವನು ಸೋಲುವನು. ಏಕೆಂದರೆ ಆಟದಲ್ಲಿ ಪತನದ ವೇಗವು ಫ್ರೇಮಿಗೆ 4 ಚುಕ್ಕೆಗಳನ್ನು ಮೀರಕೂಡದೆಂಬ ಇನ್ನೊಂದು ಕಟ್ಟಳೆಯುಂಟು; ನಮ್ಮ ಅಳತೆಯಲ್ಲಿ ಅದು ಸೆಕೆಂಡಿಗೆ 12 ಮೀಟರು. ಮೊದಲ ಹತ್ತು ಫ್ರೇಮುಗಳೊಳಗೇ ಈ ಮಿತಿಯನ್ನು ತಲಪಿದ ಅವನು ಆಮೇಲೆ ಒಂದೇ ವೇಗದಲ್ಲಿ ಇಳಿಯುತ್ತಿರಲು, ನೀರು ಕ್ಷಣಕ್ಷಣಕ್ಕೂ ಬಿರುಸಾಗುತ್ತ ಹೋಗಿ, ಸುಮಾರು ಅರ್ಧದಾರಿಯಲ್ಲಿ ಅವನನ್ನು ಹಿಂದೆ ಹಾಕುವುದು. ಅವನು ತಳವನ್ನು ಮುಟ್ಟುವುದು 4.4 ಸೆಕೆಂಡಿಗೆ.

ಈ ಕಟ್ಟಳೆಯು ನಿಷ್ಕಾರಣವಾದುದಲ್ಲ. ಕಾಲವು ಫ್ರೇಮು ಫ್ರೇಮಾಗಿ ತೊಟ್ಟಿಕ್ಕುವ ಜಗತ್ತಿನಲ್ಲಿ, ಫ್ರೇಮೊಂದಕ್ಕೆ ಇಟ್ಟಿಗೆಯ ದಪ್ಪಕ್ಕಿಂತ ಹೆಚ್ಚು ದೂರ ಬೀಳುವ ದೇಹವು ಒಂದು ಕ್ಷಣ ಇಟ್ಟಿಗೆಯ ಮೇಲಿದ್ದು ಮರುಕ್ಷಣದಲ್ಲಿ ಅದರ ಕೆಳಗೆ ಇರಬಹುದು. ನಡುವೆ ಘರ್ಷಣೆಯಾಯಿತೆಂಬುದೇ ಯಂತ್ರಕ್ಕೆ ತಿಳಿಯದೆ ಹೋಗಿ ನಾಯಕನು ನೆಲವನ್ನು ತೂರಿ ಪಾತಾಳವನ್ನು ಸೇರುವನು. ವೇಗಕ್ಕೆ ಮಿತಿಯಿದ್ದರೆ ಈ ಅನಾಹುತವಿಲ್ಲ. ಆಟಗಾರನಿಗೂ ಬೀಳುತ್ತಿರುವಾಗ ಅತ್ತಿತ್ತ ಸರಿದು ಇಳಿಯುವ ತಾಣವನ್ನು ಆರಿಸಿಕೊಳ್ಳುವ ವೇಳೆ ಸಿಗುವುದು. ಮಳೆಹನಿಗೂ ಇಂಥ ಚರಮವೇಗವೊಂದುಂಟು. ಆದರೆ ಅಲ್ಲಿ ಅದನ್ನು ಯಾರೂ ವಿಧಿಸಲಿಲ್ಲ, ಗಾಳಿಯ ತಡೆಯು ಹನಿಯ ತೂಕಕ್ಕೆ ಸಮನಾದಾಗ ಅದು ತಾನಾಗಿ ಒದಗಿಬಂದಿತು.

ಐವತ್ತು ಮತ್ತು ಅರುವತ್ತು

ಇಲ್ಲಿಯವರೆಗಿನ ಲೆಕ್ಕವೆಲ್ಲ ಜಪಾನಿನ ಮಗುವಿನದು. ಮೂಡಲಗಿಯ ಮಗು ಆಡಿದ ಆಟವು ಇದಕ್ಕಿಂತ ಭಿನ್ನವಾಗಿದ್ದಿತು. ಆ ಭಿನ್ನತೆಯ ಕಾರಣವು ವಿದ್ಯುತ್ತಿನ ಚರಿತ್ರೆಯಲ್ಲಿ ಅಡಗಿದೆ.

ನಮ್ಮ ದೇಶದ ಪರ್ಯಾಯ ವಿದ್ಯುತ್ಪ್ರವಾಹವು ಯೂರೋಪಿನ ಪದ್ಧತಿಯಂತೆ ಸೆಕೆಂಡಿಗೆ 50 ಆವರ್ತನಗಳುಳ್ಳದ್ದು, ಅಮೆರಿಕದ್ದು 60. ಟೆಲಿವಿಷನ್ನಿನ ಆದಿಯಲ್ಲಿ, ಮನೆಯ ವಿದ್ಯುತ್ತಿನ ಏರಿಳಿತದಿಂದ ಚಿತ್ರದಲ್ಲಿ ಹುಟ್ಟುವ ಪಟ್ಟೆಗಳು ಓಡಾಡದೆ ಒಂದೆಡೆ ನಿಲ್ಲಲೆಂದು ಚಿತ್ರದ ಆವರ್ತನವನ್ನು ವಿದ್ಯುತ್ತಿನ ಆವರ್ತನಕ್ಕೆ ಸಮನಾಗಿ ಇರಿಸಿದರು. ಮುಂದೆ ಆ ಅವಶ್ಯಕತೆಯು ತೀರಿಹೋದರೂ ಪದ್ಧತಿಯು ಉಳಿಯಿತು. ಜಪಾನಿನ ಪೂರ್ವಾರ್ಧದಲ್ಲಿ 50, ಪಶ್ಚಿಮಾರ್ಧದಲ್ಲಿ 60 ಆವರ್ತನಗಳ ವಿದ್ಯುತ್ತು ಹರಿಯುವುದಾದರೂ ಅದರ ಟೆಲಿವಿಷನ್ನು ಅಮೆರಿಕದ ಅರುವತ್ತನ್ನೇ ಅಂಗೀಕರಿಸಿತು. ಭಾರತವು 1982ರಲ್ಲಿ ವರ್ಣಚಿತ್ರಗಳ ಪ್ರಸಾರವನ್ನು ಆರಂಭಿಸಿದಾಗಲೂ 625 ರೇಖೆಗಳ, 50 ಕ್ಷೇತ್ರಗಳ ಪದ್ಧತಿಯನ್ನೇ ಮುಂದುವರಿಸಿತು.

ಗೋಕಾಕ ಜಲಪಾತದಲ್ಲಿ ಬೀಳುವ ನೀರಿನ ಬಲವನ್ನು 1887ರಲ್ಲಿ ಸ್ಥಾಪಿತವಾದ ನೂಲಿನ ಗಿರಣಿಯು ದುಡಿಸಿಕೊಂಡಿತು. ಹಿಡಕಲ್ಲಿನ ಅಣೆಕಟ್ಟಿನ ಬುಡದಲ್ಲಿ 32 ಮೆಗಾವಾಟ್ ಸಾಮರ್ಥ್ಯದ ವಿದ್ಯುದಾಗಾರವು ಎದ್ದಿತು. ಗ್ರಾಮಗಳಿಗೆ ವಿದ್ಯುತ್ತನ್ನು ಹಂಚಲು ದೇಶದಲ್ಲಿ ಪ್ರಯೋಗಾರ್ಥವಾಗಿ ಆರಂಭಿಸಿದ ಐದು ಸಹಕಾರಿ ಸಂಘಗಳಲ್ಲಿ 1969ರ ಹುಕ್ಕೇರಿಯ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವೂ ಒಂದು. ಈ ನಾಡಿನಲ್ಲಿ ಬೀಳುವ ನೀರು ಬೆಳಕಾಗುವುದು ಬಹುಕಾಲದ ಪರಿಚಿತ ಸಂಗತಿ. ಆ ಬೆಳಕಿನ 50 ಆವರ್ತನಗಳು ಟೆಲಿವಿಷನ್ನಿನ ಪದ್ಧತಿಯನ್ನು ನಿರ್ಧರಿಸಿದುವು; ಆ ಪದ್ಧತಿಗೆ ಹೊಂದುವಂತೆ ನಕಲುಯಂತ್ರಗಳ ತಯಾರಕರು ಡಬ್ಬಿಯೊಳಗಣ ಸ್ಫಟಿಕವನ್ನೂ ಚಿತ್ರದ ಚಿಪ್ಪನ್ನೂ ಮಾರ್ಪಡಿಸಿದರು. ಮೂಲಯಂತ್ರವು ಫ್ರೇಮೊಂದಕ್ಕೆ 262 ರೇಖೆಗಳನ್ನು ಎಣಿಸುತ್ತಿದ್ದರೆ ನಕಲು 312 ರೇಖೆಗಳನ್ನು ಎಣಿಸುವುದು. ಹೆಚ್ಚಿನ 50 ರೇಖೆಗಳ ಕಾಲ ಅದು ಏನನ್ನೂ ಬರೆಯದೆ ಕಾದಿರುವುದು. ಪರಿಣಾಮವಾಗಿ ಸೆಕೆಂಡಿಗೆ ದೊರೆಯುವ ಫ್ರೇಮುಗಳು 50 ಮಾತ್ರ.

ಕ್ಯಾಸೆಟ್ಟಿನೊಳಗಣ ಶಾಸನವಾದರೋ ಸೆಕೆಂಡನ್ನು ಅರಿಯದು. ಅದು ಬಲ್ಲುದು ಫ್ರೇಮನ್ನು ಮಾತ್ರ. ಜಿಗಿದವನು 32 ಫ್ರೇಮುಗಳಲ್ಲಿ 64 ಚುಕ್ಕೆ ಏರಬೇಕೆಂದಿದ್ದರೆ ಇಲ್ಲಿಯೂ ಅಷ್ಟನ್ನೇ ಏರುವನು. ಆದರೆ ಜಪಾನಿನಲ್ಲಿ 0.53 ಸೆಕೆಂಡಿನಲ್ಲಿ ಮುಗಿಯುತ್ತಿದ್ದ ಏರಿಕೆಗೆ ಇಲ್ಲಿ 0.64 ಸೆಕೆಂಡು ಹಿಡಿಯುವುದು. ಎತ್ತರವು ಬದಲಾಗದೆ ಕಾಲವು ಮಾತ್ರ ದೀರ್ಘವಾದರೆ ಗುರುತ್ವವು ಕಡಿಮೆಯಾಯಿತೆಂದೇ ಅರ್ಥ; ಎಷ್ಟಕ್ಕೆಂದರೆ, ಆರರಲ್ಲಿ ಐದರ ವರ್ಗದಷ್ಟಕ್ಕೆ, ಎಂದರೆ ಮೊದಲಿನದರ ಶೇಕಡ 69ರಷ್ಟಕ್ಕೆ. ಟೋಕಿಯೋದ ಮಾರಿಯೋನ ಇಳಿತಕ್ಕೆ ಭೂಮಿಯ ಎಂಟರಷ್ಟಿದ್ದ ಗುರುತ್ವವು ಗೋಕಾಕದ ಮಾರಿಯೋನಿಗೆ ಐದೂವರೆಯಷ್ಟಕ್ಕೆ ಇಳಿಯಿತು. ನಮ್ಮ ಊಹೆಯ ಪಂದ್ಯದಲ್ಲಿ ಅವನು ಜಲಪಾತದ ತಳವನ್ನು ಸೇರಲು 4.4ರ ಬದಲು 5.3 ಸೆಕೆಂಡು ಬೇಕು; ನೀರು ಅವನನ್ನು ಹಿಂದೆ ಹಾಕುವುದು ಇನ್ನೂ ಮೇಲೆಯೇ, 20 ಮೀಟರು ಬೀಳುವುದರೊಳಗಾಗಿ. ನೀರಿನ ಮೂರೂಕಾಲು ಸೆಕೆಂಡು ಮಾತ್ರ ಎರಡೂ ಸಲ ಅಷ್ಟೇ ಆಗಿರುವುದು.

ಸಂಗೀತಕ್ಕೂ ಇದೇ ಗತಿಯಾಯಿತು. ಡಕ್ ಟೇಲ್ಸಿನ ಚಂದ್ರಲೋಕದ ಭಾಗಕ್ಕೆ ಹಿರೋಶಿಗೆ ಟೊನೊಮುರ ರಚಿಸಿದ ಧಾಟಿಯು ಈ ಯಂತ್ರದ ಅತ್ಯಂತ ಕೀರ್ತಿಶಾಲಿಯಾದ ಸಂಗೀತಗಳಲ್ಲೊಂದು. ಸ್ವರದ ಎತ್ತರವನ್ನು ನಿರ್ಧರಿಸುವುದು ಗಣಕದ ಗಡಿಯಾರ. ನಕಲುಯಂತ್ರದಲ್ಲಿ ಆ ಗಡಿಯಾರವು ಮೂಲಕ್ಕಿಂತ ನೂರರಲ್ಲೊಂದು ಪಾಲು ಮಾತ್ರ ನಿಧಾನ. ಸ್ವರದಿಂದ ಸ್ವರಕ್ಕೆ ಹೋಗುವ ಗತಿಯನ್ನು ನಿರ್ಧರಿಸುವುದು ಫ್ರೇಮು. ಅದು ಆರನೆಯ ಒಂದು ಪಾಲು ನಿಧಾನ. ಹೀಗಾಗಿ ನಮ್ಮ ಮಕ್ಕಳಿಗೆ ಶ್ರುತಿ ಕೆಡದೆ ಲಯ ಮಾತ್ರ ವಿಳಂಬಿತವಾದ ಚಂದ್ರಲೋಕವು ಕೇಳಿಸಿತು. ಮೂಲವನ್ನು ಕೇಳದವರಿಗೆ ಇದೇ ಮೂಲ; ದೊಡ್ಡವರಾದ ಮೇಲೆ ಜಪಾನಿನ ಯಂತ್ರದ ಧಾಟಿಯನ್ನು ಕೇಳಿದವರಿಗೆ ಯಾರೋ ಅವಸರ ಮಾಡುತ್ತಿರುವಂತೆ ತೋರಿದರೆ ಅದು ಸಹಜವೇ.

ವಿನೋದದ ನಿಯಮಗಳು

ವ್ಯಂಗ್ಯಚಿತ್ರದ ಜಗತ್ತು ಭೌತಶಾಸ್ತ್ರದೊಡನೆ ಎಂದೂ ಸಂಪೂರ್ಣವಾಗಿ ರಾಜಿಯಾದುದಿಲ್ಲ. ಅಲ್ಲಿ ಬಂಡೆಯ ಅಂಚನ್ನು ದಾಟಿ ಓಡಿದ, ಕಯೋಟಿ ಎಂಬ ಜಾತಿಯ ತೋಳವು ತನ್ನ ಕಾಲಕೆಳಗೆ ನೆಲವಿಲ್ಲವೆಂದು ಅರಿತ ಮೇಲೆಯೇ ಬೀಳುವುದು. ನೆಲಕ್ಕೆ ಅಪ್ಪಳಿಸಿದ ಬೆಕ್ಕು ಚಪ್ಪಟೆಯಾಗಿ ಮರುಕ್ಷಣವೇ ಮೊದಲಿನಂತಾಗುವುದು. ಆಟದ ರಚಕರು ಈ ಸ್ವಾತಂತ್ರ್ಯದಲ್ಲಿ ಆಟಗಾರನಿಗೆ ಪ್ರಯೋಜನಕರವಾದುದನ್ನು ಆರಿಸಿಕೊಂಡರು. ಅಂಚನ್ನು ದಾಟಿದ ಮೇಲೆಯೂ ಕೆಲವು ಫ್ರೇಮುಗಳ ಕಾಲ ಜಿಗಿಯಲು ಅನುಮತಿಯನ್ನು ಕೊಡುವ ಪದ್ಧತಿಯು ಈಚಿನ ಆಟಗಳಲ್ಲಿ ಬಹಳ ಸಾಮಾನ್ಯವಾಗಿದ್ದು, ಅದಕ್ಕೆ ಆ ತೋಳದ ಹೆಸರನ್ನೇ ಇಟ್ಟಿದ್ದಾರೆ.

ಸ್ಕ್ರೂಜನ ಊರುಗೋಲು ಇಂಥದೇ ಒಂದು ಅದ್ಭುತ. ನಿಜವಾದ ಚೆಂಡು ಪ್ರತಿ ಪುಟಿತದಲ್ಲೂ ಸ್ವಲ್ಪ ಶಕ್ತಿಯನ್ನು ಶಾಖವಾಗಿ ಶಬ್ದವಾಗಿ ಕಳೆದುಕೊಂಡು ಕ್ರಮೇಣ ಸುಮ್ಮನಾಗುವುದು. ಸ್ಕ್ರೂಜನು ಗುಂಡಿಯನ್ನು ಹಿಡಿದಿರುವವರೆಗೂ ದಣಿಯದೆ ಪುಟಿಯುವನು, ಏಕೆಂದರೆ ನೆಲವು ತಗಲಿದಾಗಲೆಲ್ಲ ಆಟವು ಅವನಿಗೆ ಹೊಸದಾಗಿ ಊರ್ಧ್ವವೇಗವನ್ನು ದಯಪಾಲಿಸುವುದು. ಶಕ್ತಿಯ ನಿತ್ಯತ್ವದ ನಿಯಮವನ್ನು ಹೀಗೆ ಗಾಳಿಗೆ ತೂರಿದ ರಚಕರೇ ಹಿಮಾಲಯದಲ್ಲಿ ಮಾತ್ರ ಅದಕ್ಕೆ ಗೌರವವನ್ನು ಸಲ್ಲಿಸಿದ್ದಾರೆ: ಅಲ್ಲಿನ ಮೆತ್ತನೆಯ ಹಿಮದಲ್ಲಿ ಕೋಲನ್ನೂರಿದವನು ಪುಟಿಯದೆ ಹೂತುಕೊಳ್ಳುವನು. ಚಂದ್ರಲೋಕದಲ್ಲಾದರೋ ಅವರು ಭೌತಶಾಸ್ತ್ರವನ್ನು ಪೂರ್ತಿ ಮರೆತರು. ಚಂದ್ರನ ಗುರುತ್ವವು ಭೂಮಿಯ ಆರನೆಯ ಒಂದು ಪಾಲಾಗಿದ್ದರೂ ಸ್ಕ್ರೂಜನು ಅಲ್ಲಿಯೂ ಅಮೆಜಾನಿನಲ್ಲಿ ಜಿಗಿದಷ್ಟೇ ಜಿಗಿಯುವನು. ಉಸಿರಾಟಕ್ಕೆ ಬೇಕಾದ ಕವಚವನ್ನೂ ಧರಿಸದೆ ಟೊಪ್ಪಿಗೆಯಲ್ಲೇ ಸಂಚರಿಸುವನು. ರಚಕರಿಗೆ ಇದು ತಿಳಿಯದಿರಲಿಲ್ಲ. ಆಟಗಾರನು ನಾಲ್ಕು ಲೋಕಗಳಲ್ಲಿ ಬೆರಳಿಗೆ ಕಲಿಸಿದ ವಿದ್ಯೆಯು ಐದನೆಯದರಲ್ಲಿ ನಿಷ್ಫಲವಾಗಬಾರದೆಂಬುದು ಅವರಿಗೆ ಚಂದ್ರನ ಸತ್ಯಕ್ಕಿಂತ ಹಿರಿದಾಗಿ ಕಂಡಿರಬೇಕು.

ಈ ಎಲ್ಲ ವಿವರಗಳಿಂದ ವಿದ್ಯಾರ್ಥಿಯು ಗ್ರಹಿಸತಕ್ಕ ತತ್ತ್ವವೊಂದುಂಟು. ಡಬ್ಬಿಯ ಜಗತ್ತಿನಲ್ಲಿ ಗುರುತ್ವವನ್ನು ಅಳೆದ ಇಬ್ಬರು ಮಕ್ಕಳು, ಒಬ್ಬನು ಒಸಾಕದಲ್ಲಿ, ಇನ್ನೊಬ್ಬನು ಹುಕ್ಕೇರಿಯಲ್ಲಿ, ಗೋಡೆಯ ಗಡಿಯಾರವನ್ನು ನೋಡಿ ಎಣಿಸಿದ್ದರೆ ಅವರ ಉತ್ತರಗಳು ಹೊಂದುತ್ತಿರಲಿಲ್ಲ. ಫ್ರೇಮುಗಳನ್ನು ಎಣಿಸಿದ್ದರೆ ಅಕ್ಷರಶಃ ಒಂದೇ ಆಗುತ್ತಿದ್ದುವು. ಆಟದ ನಿಯಮವು ಅದನ್ನು ನಡೆಸುವ ಗಡಿಯಾರಕ್ಕೆ ಕಟ್ಟುಬಿದ್ದಿರುವುದೆಂದೂ, ಆ ಗಡಿಯಾರವನ್ನು ತಿರುಗಿಸಿದವನು ಆ ಜಗತ್ತಿನ ಗುರುತ್ವವನ್ನೇ ತಿರುಗಿಸಬಲ್ಲನೆಂದೂ ಇದರಿಂದ ಸಿದ್ಧವಾಗುವುದು. ಜಲಪಾತದ ಅಂಚನ್ನು ಬಿಟ್ಟ ನೀರಿಗೆ ಇಂಥ ಒಡೆಯನಿಲ್ಲ. ನಾವು ಅದನ್ನು ಸೆಕೆಂಡಿನಲ್ಲಿ ಅಳೆದರೂ, ನಾಡಿಯ ಮಿಡಿತದಲ್ಲಿ ಅಳೆದರೂ, ಐವತ್ತು ಅರುವತ್ತುಗಳ ಜಗಳದಲ್ಲಿ ಯಾರ ಪಕ್ಷವನ್ನು ವಹಿಸಿದರೂ, ಬದಲಾಗುವುದು ನಮ್ಮ ಅಂಕಿ, ಅದರ ಪತನವಲ್ಲ. ಅಳೆಯುವವನ ಅನುಕೂಲಗಳನ್ನೆಲ್ಲ ಒಂದೊಂದಾಗಿ ಕಳೆದ ಮೇಲೂ ಕಳೆಯಲಾಗದೆ ಉಳಿಯುವುದು ಯಾವುದೋ ಅದನ್ನೇ ವಿಜ್ಞಾನಿಯು ನಿಸರ್ಗದ ನಿಯಮವೆಂದು ಕರೆಯುವನು. ಕಳೆಯುತ್ತ ಹೋಗುವ ಆ ಕೆಲಸಕ್ಕೆ ಪ್ರಯೋಗವೆಂದು ಹೆಸರು. ರಿಮೋಟು ಹಿಡಿದು ಯಾವ ಅಂತರಕ್ಕೆ ಯಾವ ಜಿಗಿತವು ಸಾಕು, ಗುಂಡಿಯನ್ನು ಎಷ್ಟು ಹೊತ್ತು ಅದುಮಬೇಕು, ಎಲ್ಲಿ ಕೋಲು ಹೂತುಕೊಳ್ಳುವುದು ಎಂದು ಬಿದ್ದು ಬಿದ್ದು ತಿಳಿದುಕೊಂಡ ಮಗುವು, ತನ್ನ ಶಿಕ್ಷಕರಿಗೂ ಅರಿವಾಗದಂತೆ, ಆ ಕೆಲಸದ ಮೊದಲ ಪಾಠವನ್ನು ಓದಿಯೇ ಬಿಟ್ಟಿದ್ದಿತು.